ಮಳೆನಾಡಿನಲ್ಲಿ ಅಕ್ಕಿಯ ಪೌಡರು: ಹಿಟ್ಟು ಬೇರೆ, ಪಿಷ್ಟ ಬೇರೆ

ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನ ಒಂದು ಸ್ವಸಹಾಯ ಗುಂಪಿನ ಎಂಟು ಮಂದಿ ಮಹಿಳೆಯರು. ಪುತ್ತರಿ (ನಮ್ಮ ಸುಗ್ಗಿಯ ಹಬ್ಬ) ಕಳೆದ ಮೇಲೆ ನಮ್ಮ ಗದ್ದೆಯ ಭತ್ತವನ್ನು ಮಿಲ್ಲು ಮಾಡಿಸಿದಾಗ ಉಳಿಯುವ ನುಚ್ಚನ್ನು ಎರಡು ಸಲ ಬೀಸಿಸಿ, ವಸ್ತ್ರಗಾಳಿತ ಮಾಡಿ, ಸ್ವಲ್ಪ ಸುಗಂಧ ಬೆರೆಸಿ ಮೈಗೆ ಹಚ್ಚುವ ಪೌಡರು ತಯಾರಿಸಿದೆವು. ಸುತ್ತಮುತ್ತಲ ಹೋಂಸ್ಟೇಗಳವರು ಸಂತೋಷದಿಂದ ತೆಗೆದುಕೊಂಡರು. ಫೆಬ್ರವರಿಯಲ್ಲಿ ಹೂವಿನಂತಿದ್ದ ಪೌಡರು ಕಕ್ಕಡದ (ಮಳೆ ಜೋರಾಗಿರುವ ಜುಲೈ–ಆಗಸ್ಟಿನ ಕೊಡವ ತಿಂಗಳು) ಹೊತ್ತಿಗೆ ಗಂಟುಗಟ್ಟಿ ಮುಗ್ಗಲು ವಾಸನೆ ಬರತೊಡಗಿದೆ. ಅಂಗಡಿಯ ಪೌಡರುಗಳ ಮೇಲೆ ‘ರೈಸ್ ಸ್ಟಾರ್ಚ್’ ಎಂದು ಬರೆದಿರುತ್ತದಲ್ಲ, ನಮ್ಮದೂ ಅದೇ ತಾನೇ? ಹಾಗಿದ್ದರೆ ಅವರದು ಕೆಡದೆ ನಮ್ಮದು ಮಾತ್ರ ಏಕೆ ಕೆಟ್ಟಿತು? ಕೂಸುಗಳಿಗೆ ಇದನ್ನು ಹಚ್ಚಬಹುದೇ? ಒಂದು ಪೊಟ್ಟಣವನ್ನು ಪತ್ರದ ಜೊತೆ ಕಳುಹಿಸಿದ್ದೇವೆ.

ಉತ್ತರ: ಮೊದಲು ತುರ್ತಿನ ಮಾತು. ಹೋಂಸ್ಟೇಗಳಲ್ಲಿ ಈಗ ಇರುವ ಡಬ್ಬಿಗಳನ್ನು ದಯವಿಟ್ಟು ಈ ವಾರವೇ ವಾಪಸು ತರಿಸಿಕೊಳ್ಳಿ. ನೀವು ಕಳುಹಿಸಿದ ಪೊಟ್ಟಣದ ಒಂದು ಚಿಟಿಕೆ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಹರಡಿ, ನಾನೂರು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಂಚು ಮುರಿದ ಕಲ್ಲುಚೂರಿನಂತಹ ಉಂಡೆಗಳು, ಅಲ್ಲೊಂದು ಇಲ್ಲೊಂದು ಕಂದುಬಣ್ಣದ ತೌಡಿನ ಸಿಪ್ಪೆ, ಉಂಡೆಗಳ ನಡುವೆ ಚದುರಿದ ಕೆಲವು ಬಿಡಿ ಪಿಷ್ಟಕಣಗಳು (ಸ್ಟಾರ್ಚ್ ಕಣಗಳು) ಕಂಡವು. ಎರಡು ಕಡೆ ಉಂಡೆಯಿಂದ ಹೊರಟು ಕವಲೊಡೆದ ತೆಳುವಾದ ಎಳೆಗಳೂ ಇದ್ದವು. ಆ ಎಳೆಗಳು ಬೂಷ್ಟು. ನಿಮ್ಮ ಮೂಗು ಹೇಳಿದ್ದು ಸರಿಯಾಗಿಯೇ ಇದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮದು ಅಕ್ಕಿ ಹಿಟ್ಟು; ಅಂಗಡಿಯ ಪೌಡರಿನಲ್ಲಿ ಇರುವುದು ಅಕ್ಕಿಯ ಪಿಷ್ಟ. ಎರಡೂ ಒಂದೇ ಕಾಳಿನಿಂದ ಬಂದರೂ ಚರ್ಮದ ಮೇಲೆ ಅವು ಎರಡು ಬೇರೆ ಪದಾರ್ಥಗಳಾಗಿಯೇ ವರ್ತಿಸುತ್ತವೆ. ಪಾಲಿಶ್ ಆದ ಅಕ್ಕಿಯಲ್ಲಿ ನೂರಕ್ಕೆ ಸುಮಾರು 78 ಭಾಗ ಪಿಷ್ಟ, 6ರಿಂದ 8 ಭಾಗ ಪ್ರೋಟೀನ್, 12–13 ಭಾಗ ನೀರು, ಉಳಿದಂತೆ ಅಲ್ಪಸ್ವಲ್ಪ ಕೊಬ್ಬು, ನಾರು, ಖನಿಜಾಂಶ ಇರುತ್ತವೆ. ಈ ಪಿಷ್ಟ ಒಂದೇ ಮುದ್ದೆಯಾಗಿ ಇರುವುದಿಲ್ಲ. 3ರಿಂದ 8 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ, ಮೂಲೆಮೂಲೆಯಾದ ಕಣಗಳಾಗಿ ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತದೆ, ಮತ್ತು ಆ ಕಣಗಳ ನಡುವೆ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಪ್ರೋಟೀನ್ ತುಂಬಿಕೊಂಡಿರುತ್ತದೆ. ಹಿಟ್ಟಿನ ಗಿರಣಿ ಈ ಗೋಡೆಯನ್ನು ಒಡೆದು ಚೂರು ಮಾಡುತ್ತದೆಯೇ ಹೊರತು ಇಟ್ಟಿಗೆಯಿಂದ ಗಾರೆಯನ್ನು ಬಿಡಿಸುವುದಿಲ್ಲ. ಎಷ್ಟೇ ನುಣ್ಣಗೆ ಬೀಸಿಸಿ ವಸ್ತ್ರಗಾಳಿತ ಮಾಡಿದರೂ ನೂರು ಮೈಕ್ರಾನಿನ ಚೂರುಗಳು ಬಟ್ಟೆಯಿಂದ ನುಸುಳಿ ಬರುತ್ತವೆ. ಅಂತಹ ಒಂದೇ ಚೂರಿನಲ್ಲಿ ಐದು ಮೈಕ್ರಾನಿನ ಪಿಷ್ಟಕಣಗಳು, ಗಾತ್ರದ ಲೆಕ್ಕದಲ್ಲಿ, ಎಂಟು ಸಾವಿರದಷ್ಟು ಹಿಡಿಸುತ್ತವೆ. ಆ ಎಂಟು ಸಾವಿರ ಕಣಗಳು ಒಂದೊಂದಾಗಿ ಬಿಡಿಸಿಕೊಂಡಾಗ ಅದು ಪಿಷ್ಟ. ಒಂದಕ್ಕೊಂದು ಅಂಟಿಕೊಂಡೇ ಉಳಿದಾಗ ಅದು ಹಿಟ್ಟು.

ಸೌಂದರ್ಯವರ್ಧಕಗಳನ್ನು ತಯಾರಿಸುವವರು ಅಕ್ಕಿಯ ಪಿಷ್ಟವನ್ನೇ ಹುಡುಕಿಕೊಂಡು ಹೋಗಲು ಈ ಸಣ್ಣತನವೇ ಕಾರಣ. ಮೆಕ್ಕೆಜೋಳದ ಪಿಷ್ಟದ ಕಣ ಸರಾಸರಿ 15 ಮೈಕ್ರಾನ್, ಆಲೂಗಡ್ಡೆಯದು ಅದರ ಎರಡು ಪಟ್ಟಿಗೂ ಹೆಚ್ಚು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಪಿಷ್ಟಗಳ ಪೈಕಿ ಅಕ್ಕಿಯದೇ ಅತ್ಯಂತ ಸಣ್ಣ ಕಣ. ಕಣ ಸಣ್ಣದಾದಷ್ಟೂ ಒಂದು ಗ್ರಾಮು ಪುಡಿಯ ಒಟ್ಟು ಮೇಲ್ಮೈ ಹೆಚ್ಚುತ್ತದೆ. ಚರ್ಮದ ಎಣ್ಣೆಯೂ ಬೆವರೂ ಹರಡಿಕೊಳ್ಳಲು ಅಷ್ಟು ಹೆಚ್ಚು ಜಾಗ ಸಿಗುತ್ತದೆ. ಚರ್ಮದ ಸಣ್ಣ ಗೆರೆಗಳಲ್ಲಿ, ರೋಮರಂಧ್ರದ ಬಾಯಲ್ಲಿ ಈ ಕಣಗಳು ಕುಳಿತು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಮುಖದ ಜಿಡ್ಡಿನ ಹೊಳಪು ಅಡಗುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಮುಖದ ಪೌಡರಿಗೆ ‘ಅಕ್ಕಿಯ ಪುಡಿ’ ಎಂಬ ಹೆಸರೇ ನಿಂತುಹೋಗಿತ್ತು. ಇಂದು ಒಣ ಶಾಂಪೂ, ಮುಖದ ಪೌಡರು, ಬೆವರುನಾಶಕ ಕಡ್ಡಿ, ಜಿಡ್ಡಿಲ್ಲದ ಕ್ರೀಮುಗಳಲ್ಲಿ ಇದೇ ಗುಣಕ್ಕಾಗಿ ಅದನ್ನು ಬಳಸುತ್ತಾರೆ.

ಇತ್ತೀಚೆಗೆ ಅದರ ಬೇಡಿಕೆ ಏರಲು ಬೇರೆ ಎರಡು ಕಾರಣಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರ ಜುಲೈನಲ್ಲಿ, ಮೈ ಪೌಡರುಗಳಿಗೆ ಬಳಸುವ ಟಾಲ್ಕ್ ಖನಿಜವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಐರೋಪ್ಯ ಒಕ್ಕೂಟ 2023ರಲ್ಲಿ ಸೌಂದರ್ಯವರ್ಧಕಗಳಿಗೆ ಬೆರೆಸುವ ಪ್ಲಾಸ್ಟಿಕ್ ಸೂಕ್ಷ್ಮಕಣಗಳನ್ನು ಹಂತಹಂತವಾಗಿ ನಿಲ್ಲಿಸುವ ನಿಯಮ ತಂದಿತು. ಟಾಲ್ಕಿನ ಜಾಗಕ್ಕೂ ನೈಲಾನ್ ಪುಡಿಯ ಜಾಗಕ್ಕೂ ಹೊಂದುವ, ಮಣ್ಣಿನಲ್ಲಿ ಕರಗಿಹೋಗುವ ಪದಾರ್ಥ ಬೇಕಾದಾಗ ಅಕ್ಕಿಯ ಪಿಷ್ಟ ಎದುರಿಗೇ ಇತ್ತು. ಹೀಗಾಗಿ ನಿಮ್ಮ ಗುಂಪು ಹಿಡಿದ ದಾರಿ ತಪ್ಪಲ್ಲ. ದಾರಿಯ ಒಂದು ಮುಖ್ಯ ಹೆಜ್ಜೆ ಬಿಟ್ಟುಹೋಗಿದೆ ಅಷ್ಟೇ.

ಆ ಹೆಜ್ಜೆ ಪ್ರೋಟೀನನ್ನು ಬಿಡಿಸುವುದು. ಅಕ್ಕಿಯ ಪ್ರೋಟೀನಿನ ಬಹುಪಾಲು ಗ್ಲುಟೆಲಿನ್ ಎಂಬ ಜಾತಿಯದು. ಅದು ನೀರಿನಲ್ಲಿ ಕರಗುವುದಿಲ್ಲ, ಕ್ಷಾರದಲ್ಲಿ ಕರಗುತ್ತದೆ. ಈ ತಿಳಿವಳಿಕೆಯ ಮೇಲೆ ಇಂಗ್ಲೆಂಡಿನ ಆರ್ಲಾಂಡೊ ಜೋನ್ಸ್ 1840ರಲ್ಲಿ ಪೇಟೆಂಟ್ ಪಡೆದರು. ಬೆಲ್ಜಿಯಂನ ಲೂವೆನ್ ನಗರದ ಬಳಿ ವೈಖ್‌ಮಾಲ್ ಎಂಬಲ್ಲಿ 1855ರಲ್ಲಿ ಆರಂಭವಾದ ರೆಮಿ ಕಾರ್ಖಾನೆ ಅಕ್ಕಿಯ ಪಿಷ್ಟಕ್ಕೇ ಹೆಸರಾಯಿತು. ಬಟ್ಟೆಗೆ ಗಂಜಿ ಹಾಕಲು ಆಗ ಅದರ ಬಳಕೆ ದೊಡ್ಡದಿತ್ತು. ಇಂದಿಗೂ ಕ್ರಮ ಹೆಚ್ಚು ಬದಲಾಗಿಲ್ಲ: ನುಚ್ಚನ್ನು ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ನೀರಿನ ಜೊತೆಯೇ ಅರೆದು, ಯಂತ್ರದಲ್ಲಿ ರಭಸವಾಗಿ ತಿರುಗಿಸಿ ಪಿಷ್ಟವನ್ನೂ ಪ್ರೋಟೀನನ್ನೂ ಬೇರೆ ಮಾಡಿ, ಕ್ಷಾರ ಉಳಿಯದಂತೆ ತಟಸ್ಥಗೊಳಿಸಿ ಮತ್ತೆ ಮತ್ತೆ ತೊಳೆದು ಒಣಗಿಸುತ್ತಾರೆ. ಇದನ್ನು ಮನೆಯಲ್ಲಿ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾಸ್ಟಿಕ್ ಸೋಡಾ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ತೊಳೆಯುವುದು ಸಾಲದೆ ಹೋದರೆ ಉಳಿದ ಕ್ಷಾರ ಹಚ್ಚಿಕೊಂಡವರ ಚರ್ಮವನ್ನು ಉರಿಸುತ್ತದೆ.

ಬರೀ ನೀರಿನಲ್ಲಿ ತೆಗೆಯಬಹುದಲ್ಲ ಎಂದು ನೀವು ಕೇಳಬಹುದು, ಏಕೆಂದರೆ ಕೂವೆ ಹಿಟ್ಟನ್ನು (ಹೆಸರು ಹಿಟ್ಟಾದರೂ ಅದು ಪಿಷ್ಟವೇ) ನಮ್ಮ ಕಡೆಯ ಹಿರಿಯರು ಹಾಗೆಯೇ ತೆಗೆಯುತ್ತಿದ್ದರು. ಕೂವೆಗೆಡ್ಡೆಯನ್ನು ತುರಿದು, ಬಟ್ಟೆಯಲ್ಲಿ ಸೋಸಿ, ನೀರು ಬಸಿದರೆ ಪಾತ್ರೆಯ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಅಕ್ಕಿ ಹಾಗೆ ಸುಲಭವಾಗಿ ಒಪ್ಪುವುದಿಲ್ಲ. ನೀರಿನಲ್ಲಿ ಕಣ ಇಳಿಯುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅಗಲ ಅರ್ಧವಾದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಐದು ಮೈಕ್ರಾನಿನ ಅಕ್ಕಿಯ ಕಣ ನಿಂತ ನೀರಿನಲ್ಲಿ ಗಂಟೆಗೆ ಎರಡೂವರೆ ಸೆಂಟಿಮೀಟರಿನ ಆಸುಪಾಸು ಮಾತ್ರ ಇಳಿಯುತ್ತದೆ. ನಲವತ್ತು ಮೈಕ್ರಾನಿನ ಗೆಡ್ಡೆಯ ಕಣ ಅದೇ ಒಂದು ಗಂಟೆಯಲ್ಲಿ ಒಂದೂವರೆ ಮೀಟರು ಇಳಿದುಬಿಡುತ್ತದೆ. ಒಂದು ಅಡಿ ಆಳದ ಪಾತ್ರೆಯಲ್ಲಿ ಅಕ್ಕಿಯ ಹಾಲು ತಿಳಿಯಾಗಲು ಅರ್ಧ ದಿನ ಬೇಕು, ಅಷ್ಟರಲ್ಲಿ ನೀರು ಹುಳಿಯಲು ಆರಂಭಿಸಿರುತ್ತದೆ. ಆದರೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು, ಮಾರಾಟಕ್ಕಲ್ಲ, ಕಣ್ಣಾರೆ ಕಾಣುವುದಕ್ಕೆ: ಹಾಲುಬಾಯಿಗೆ ಅರೆಯುವಂತೆ ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದು, ಮಲ್ ಬಟ್ಟೆಯಲ್ಲಿ ಸೋಸಿ, ಗಾಜಿನ ಪಾತ್ರೆಯಲ್ಲಿ ಇಡಿ. ನೀರನ್ನು ಮೆಲ್ಲಗೆ ಬಸಿದಾಗ ತಳದಲ್ಲಿ ಎರಡು ಪದರ ಕಾಣುತ್ತವೆ. ಮೇಲಿನದು ಬೂದು–ಹಳದಿ ಬಣ್ಣದ, ಬೆರಳಿಗೆ ಜಾರುವ ತೆಳು ಪದರ. ಅದು ಹೆಚ್ಚಾಗಿ ಪ್ರೋಟೀನ್. ಕೆಳಗಿನದು ಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕೂತ ಪಿಷ್ಟ. ನಿಮ್ಮ ಪೌಡರಿನಲ್ಲಿ ಈ ಎರಡೂ ಒಟ್ಟಿಗೆ ಇದ್ದವು. ಒಂದು ಎಚ್ಚರ: ಈ ಕೆಲಸಕ್ಕೆ ಬೆಳ್ತಿಗೆ ಅಕ್ಕಿಯೇ (ಭತ್ತವನ್ನು ಬೇಯಿಸದೆ ಮಾಡಿದ್ದು) ಆಗಬೇಕು. ಕುಚ್ಚಲಕ್ಕಿಯ ಭತ್ತವನ್ನು ಬೇಯಿಸುವಾಗಲೇ ಒಳಗಿನ ಪಿಷ್ಟಕಣಗಳು ನೀರು ಕುಡಿದು ಉಬ್ಬಿ ತಮ್ಮ ಆಕಾರ ಕಳೆದುಕೊಂಡಿರುತ್ತವೆ.

ಈಗ ಕಕ್ಕಡದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾಳೆ ನೀವು ಶುದ್ಧ ಪಿಷ್ಟವನ್ನೇ ಕೊಂಡು ತಂದು ಪೌಡರು ಮಾಡಿದರೂ ಕೊಡಗಿನ ಮಳೆಗಾಲ ಅದನ್ನು ಸುಮ್ಮನೆ ಬಿಡುವುದಿಲ್ಲ. ಪಿಷ್ಟಕ್ಕೆ ನೀರಿನ ಮೇಲೆ ಮೋಹ ಹೆಚ್ಚು. ತೆರೆದಿಟ್ಟ ಪಿಷ್ಟ ಸುತ್ತಲಿನ ಗಾಳಿಯ ತೇವದೊಂದಿಗೆ ಸಮತೋಲಕ್ಕೆ ಬರುವವರೆಗೂ ನೀರನ್ನು ಹೀರುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 60–65 ಇರುವಾಗ ಅದರೊಳಗಿನ ನೀರು ನೂರಕ್ಕೆ 12–13 ಭಾಗದಲ್ಲಿ ನಿಲ್ಲುತ್ತದೆ; ಆರ್ದ್ರತೆ 90 ದಾಟುವ ಜುಲೈ ತಿಂಗಳಿನಲ್ಲಿ ಅದೇ ಪುಡಿಯ ನೀರು 18 ಭಾಗವನ್ನೂ ದಾಟುತ್ತದೆ. ಬೂಷ್ಟು ಹುಟ್ಟಲು ತೊಟ್ಟಿಕ್ಕುವ ನೀರೇನೂ ಬೇಡ. ಶೇಕಡಾ 70ಕ್ಕಿಂತ ಹೆಚ್ಚಿನ ಆರ್ದ್ರತೆಯೊಂದಿಗೆ ಸಮತೋಲಕ್ಕೆ ಬಂದ ಪುಡಿಯಲ್ಲಿ ಅದು ಬೇರೂರಬಲ್ಲದು. ನಿಮ್ಮ ಡಬ್ಬಿಗಳನ್ನು ಅತಿಥಿಗಳು ದಿನಕ್ಕೆ ಹತ್ತಾರು ಸಲ ತೆರೆದಿದ್ದಾರೆ, ಒದ್ದೆ ಕೈಯಲ್ಲಿ ಪಫ್ ಹಿಡಿದಿದ್ದಾರೆ, ಸ್ನಾನದ ಮನೆಯ ಹಬೆಯಲ್ಲಿಯೇ ಇಟ್ಟಿದ್ದಾರೆ. ಕಣಗಳ ಮೇಲೆ ಕೂತ ತೇವ ಒಂದಕ್ಕೊಂದನ್ನು ಅಂಟಿಸಿತು, ಅದು ಗಂಟು. ನುಚ್ಚಿನೊಡನೆ ಉಳಿದಿದ್ದ ತೌಡಿನ ಎಣ್ಣೆ ಕಮಟಾಯಿತು, ಪ್ರೋಟೀನನ್ನು ಉಂಡು ಬೂಷ್ಟು ಬೆಳೆಯಿತು. ಈ ಎರಡೂ ಸೇರಿ ಆ ಮುಗ್ಗಲು.

ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಡನೆ ಒಣಗಿಸಿದ ಬೀಜ) ಶೇಕಡಾ 10ರ ತೇವಕ್ಕೆ ಒಣಗಿಸದೆ ಮೂಟೆ ಕಟ್ಟಬಾರದೆಂದು ನಿಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಶಿಸ್ತು ಪಿಷ್ಟಕ್ಕೂ ಬೇಕು, ಇನ್ನೂ ಸ್ವಲ್ಪ ಹೆಚ್ಚಾಗಿಯೇ ಬೇಕು. ಆದರೆ ಕಾಫಿಯ ತೇವಮಾಪಕದಲ್ಲಿ ಪಿಷ್ಟವನ್ನು ಅಳೆಯಬೇಡಿ, ಅದು ಕಾಫಿಗೆಂದೇ ಹೊಂದಿಸಿದ ಉಪಕರಣ. ತೂಕ ಮಾಡಿದ ಪುಡಿಯನ್ನು 105 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗುವುದೇ ನಂಬಬಹುದಾದ ಕ್ರಮ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಪುಡಿಗೆ ಹೊಗೆಯ ವಾಸನೆ ಹತ್ತುತ್ತದೆ, ಬೆಂಕಿ ಆರಿದ ರಾತ್ರಿ ಅದು ಮತ್ತೆ ತೇವ ಎಳೆಯುತ್ತದೆ. ಅರಿಸಿನ, ಬೇವಿನ ಪುಡಿ ಸೇರಿಸಿದರೆ ಕೆಡುವುದಿಲ್ಲ ಎಂಬ ಮಾತನ್ನೂ ನೆಚ್ಚಬೇಡಿ. ಒಣ ಪುಡಿಯನ್ನು ಕಾಪಾಡುವುದು ಅದರ ಒಣಗುಣ ಒಂದೇ.

ಹಾಗಾದರೆ ಅಂಗಡಿಯ ಪೌಡರು ಏಕೆ ಕೆಡಲಿಲ್ಲ? ಅದರಲ್ಲಿ ಪ್ರೋಟೀನೂ ಎಣ್ಣೆಯೂ ತೀರಾ ಕಡಿಮೆ. ಡಬ್ಬಿಯ ತೂತುಗಳು ಕಿರಿದು, ಅದಕ್ಕೆ ತಿರುಗಿಸಿ ಮುಚ್ಚುವ ತಲೆ. ಪಿಷ್ಟದ ಜೊತೆ ನೀರನ್ನು ಹೀರದ ಖನಿಜಪುಡಿಗಳೂ ಬೆರೆತಿರುತ್ತವೆ. ಕೆಲವು ತಯಾರಿಕೆಗಳಲ್ಲಿ ಪಿಷ್ಟದ ಮೇಲ್ಮೈಯನ್ನೇ ರಾಸಾಯನಿಕವಾಗಿ ಬದಲಿಸಿ ನೀರನ್ನು ಒಲ್ಲದ ಹಾಗೆ ಮಾಡಿರುತ್ತಾರೆ. ಅಲ್ಯೂಮಿನಿಯಂ ಸ್ಟಾರ್ಚ್ ಆಕ್ಟೆನಿಲ್‌ಸಕ್ಸಿನೇಟ್ ಎಂಬ ಉದ್ದ ಹೆಸರು ಲೇಬಲಿನ ಮೇಲೆ ಕಂಡರೆ ಅದು ಅಂತಹದ್ದು. ಬರೀ ಅಕ್ಕಿಯ ಪಿಷ್ಟಕ್ಕೆ ‘ಒರೈಜಾ ಸಟೈವಾ ಸ್ಟಾರ್ಚ್’ ಎಂದಿರುತ್ತದೆ. ಅದೇ ಜಾಗದಲ್ಲಿ ‘ಪೌಡರ್’ ಎಂದಿದ್ದರೆ ಅದು ನಿಮ್ಮದರಂತೆ ಬೀಸಿದ ಅಕ್ಕಿ.

ಕೂಸುಗಳ ಪ್ರಶ್ನೆಗೆ ನನ್ನ ಉತ್ತರ ‘ಬೇಡ’ ಎಂಬುದೇ. ನಿಮ್ಮ ಹಿಟ್ಟಂತೂ ಬೇಡವೇ ಬೇಡ. ಕೊಂಡು ತಂದ ಶುದ್ಧ ಪಿಷ್ಟವೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಯಾವ ಪುಡಿಯಾದರೂ, ಅಕ್ಕಿಯದಾಗಲಿ ಟಾಲ್ಕ್ ಆಗಲಿ, ಕೂಸಿನ ಮುಖದ ಹತ್ತಿರ ಉದುರಿಸಿದಾಗ ಅದು ಉಸಿರಿನೊಡನೆ ಒಳಗೆ ಹೋಗುತ್ತದೆ. ಐದು ಮೈಕ್ರಾನಿನ ಕಣಕ್ಕೆ ಶ್ವಾಸಕೋಶದ ಆಳದವರೆಗೂ ದಾರಿ ಇದೆ. ಪಿಷ್ಟ ತಿನ್ನುವ ಪದಾರ್ಥವಾದ್ದರಿಂದ ದೇಹದೊಳಗೂ ನಿರಪಾಯ ಎಂದು ಭಾವಿಸಬಾರದು: ಶಸ್ತ್ರಚಿಕಿತ್ಸೆಯ ಕೈಗವಸುಗಳಿಗೆ ಬಳಿಯುತ್ತಿದ್ದ ಮೆಕ್ಕೆಜೋಳದ ಪಿಷ್ಟದಿಂದ ಉಸಿರಾಟದ ಅಲರ್ಜಿ ಮತ್ತು ಹೊಟ್ಟೆಯೊಳಗೆ ಗಂಟುಗಳು ಉಂಟಾಗುವುದನ್ನು ಕಂಡು, ಅಮೆರಿಕ 2017ರ ಜನವರಿಯಿಂದ ಅಂತಹ ಕೈಗವಸುಗಳನ್ನೇ ನಿಷೇಧಿಸಿತು. ತೊಡೆಸಂದಿ, ಕಂಕುಳು, ಕತ್ತಿನ ಮಡಿಕೆಗಳಲ್ಲಿ ಹಾಕಿದ ಪಿಷ್ಟ ಬೆವರನ್ನು ಹೀರಿ ಸ್ವಲ್ಪ ಹೊತ್ತು ಹಿತವೆನಿಸುತ್ತದೆ, ಬಳಿಕ ಮೆತ್ತಿಕೊಂಡು ಉಜ್ಜುತ್ತದೆ. ಪಿಷ್ಟ ಹಾಕಿದರೆ ಶಿಲೀಂಧ್ರದ ಸೋಂಕು ಹೆಚ್ಚುತ್ತದೆ ಎಂಬ ಭಯವನ್ನು 1984ರಲ್ಲಿ ಮೆಕ್ಕೆಜೋಳದ ಪಿಷ್ಟದ ಮೇಲೆ ಪರೀಕ್ಷಿಸಿ ನೋಡಿದಾಗ ಮನುಷ್ಯರ ಚರ್ಮದ ಮೇಲೆ ಅದು ಯೀಸ್ಟ್ ಬೆಳವಣಿಗೆಯನ್ನು ಹೆಚ್ಚಿಸಲಿಲ್ಲ. ಆ ಫಲಿತಾಂಶ ಶುದ್ಧ ಪಿಷ್ಟದ್ದು, ಬೂಷ್ಟು ಹಿಡಿದ ಹಿಟ್ಟಿನದ್ದಲ್ಲ. ಮಳೆಗಾಲದಲ್ಲಿ ಕೂಸಿನ ಮೈ ಮಡಿಕೆಗಳನ್ನು ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿದ ಬಟ್ಟೆ ಹಾಕುವುದೇ ಸಾಕು. ಕೆಂಪಾಗಿ ಒಸರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಿಟ್ಟನ್ನು ಒಡೆದ ಚರ್ಮದ ಮೇಲೆ ದಿನವೂ ಹಚ್ಚುವುದನ್ನು ದೊಡ್ಡವರಿಗೂ ನಾನು ಹೇಳುವುದಿಲ್ಲ. ಜಪಾನಿನಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ್ದ ಒಂದು ಮುಖದ ಸಾಬೂನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಊಟವೇ ಆಗದಂತಹ ಅಲರ್ಜಿ ಬಂದದ್ದು 2010ರ ಆಸುಪಾಸಿನಲ್ಲಿ ಬೆಳಕಿಗೆ ಬಂತು. ಅದು ಗೋಧಿ, ಅದರ ಪ್ರೋಟೀನ್ ಸಂಸ್ಕರಿಸಿದ್ದು; ಅಕ್ಕಿಯ ಅಲರ್ಜಿ ವಿರಳ. ಆದರೂ ಆಹಾರದ ಪ್ರೋಟೀನಿಗೆ ಚರ್ಮ ಒಂದು ಒಳದಾರಿ ಆಗಬಲ್ಲದು ಎಂಬುದು ಆ ಪ್ರಕರಣದಿಂದ ಸ್ಪಷ್ಟವಾಯಿತು. ಪಿಷ್ಟದಿಂದ ಪ್ರೋಟೀನನ್ನು ತೆಗೆಯುವುದು ನುಣುಪಿಗಾಗಿ ಮಾತ್ರ ಅಲ್ಲ.

ನಿಮ್ಮ ಡಬ್ಬಿಯ ಮೇಲೆ ‘ಚರ್ಮವನ್ನು ಬೆಳ್ಳಗಾಗಿಸುತ್ತದೆ’ ಎಂದು ಬರೆಸಿದ್ದೀರಿ. ಅದನ್ನು ತೆಗೆಸಿ. ಪಿಷ್ಟ ಚರ್ಮದ ಬಣ್ಣವನ್ನು ಬದಲಿಸುವುದಿಲ್ಲ, ತೊಳೆದರೆ ಹೋಗುತ್ತದೆ. ಅಕ್ಕಿಯ ಉಪಕಾರ ಎಂದು ಹೇಳುವ ಒರೈಜನಾಲ್, ಫೆರುಲಿಕ್ ಆಮ್ಲದಂತಹವು ಇರುವುದು ತೌಡಿನಲ್ಲಿ, ಪಿಷ್ಟದಲ್ಲಿ ಅಲ್ಲ.

ಅಕ್ಕಿ ತೊಳೆದ ನೀರನ್ನು ಬಾಟಲಿಯಲ್ಲಿ ತುಂಬಿ ಕೂದಲಿಗೆಂದು ಮಾರುವ ಯೋಚನೆಯನ್ನೂ ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮನೆಯಲ್ಲಿ ಆಗಷ್ಟೇ ತೊಳೆದ ಅಕ್ಕಚ್ಚನ್ನು ತಲೆಗೆ ಹಾಕಿಕೊಂಡು ತೊಳೆಯುವುದಕ್ಕೆ ನನ್ನ ಅಭ್ಯಂತರವಿಲ್ಲ. ಬಾಟಲಿ ಬೇರೆ ವಿಷಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಹಜವಾಗಿಯೇ ಇರುತ್ತವೆ, ಅನ್ನ ಕುದಿಯುವ ಶಾಖಕ್ಕೂ ಅವು ಸಾಯುವುದಿಲ್ಲ. ನೀರು, ಪಿಷ್ಟ, ಬೆಚ್ಚಗಿನ ಕೋಣೆ ಮೂರೂ ಸಿಕ್ಕಿದರೆ ಒಂದು ದಿನದಲ್ಲಿ ಅವು ಲಕ್ಷಗಟ್ಟಲೆ ಆಗುತ್ತವೆ.

ಹಾಗಾದರೆ ನಿಮ್ಮ ಗುಂಪು ಏನು ಮಾಡಬಹುದು? ನನ್ನ ಆಯ್ಕೆ ಸ್ನಾನದ ನೀರಿಗೆ ಬೆರೆಸುವ, ಒಂದೇ ಸಲದ ಬಳಕೆಯ ಪೊಟ್ಟಣ. ಬ್ರಸೆಲ್ಸಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಾಬೂನಿನಂತಹ ಮಾರ್ಜಕದಿಂದ ಬೇಕೆಂದೇ ಘಾಸಿಗೊಳಿಸಿದ ಚರ್ಮವನ್ನು ದಿನಕ್ಕೆ ಎರಡು ಸಲ, ಹದಿನೈದು ನಿಮಿಷ ಅಕ್ಕಿಯ ಪಿಷ್ಟ ಬೆರೆಸಿದ ನೀರಿನಲ್ಲಿ ಇರಿಸಿದಾಗ, ಅದು ಚೇತರಿಸಿಕೊಳ್ಳುವ ಶಕ್ತಿ ಶೇಕಡಾ 20ರಷ್ಟು ಸುಧಾರಿಸಿತ್ತು. ಇಸುಬಿನ ಒಣ ಚರ್ಮದವರಿಗೂ ಉಪಯೋಗ ಕಂಡಿತ್ತು. ಇದನ್ನು ಔಷಧ ಎಂದು ಬರೆಸಬೇಡಿ, ಆದರೆ ಈ ರೂಪ ಕೊಡಗಿಗೆ ಹೊಂದುತ್ತದೆ: ತೇವ ನುಸುಳದ ಫಾಯಿಲಿನಲ್ಲಿ ಮುಚ್ಚಿದ ಪುಡಿ ಒಮ್ಮೆ ತೆರೆದರೆ ಮುಗಿಯುತ್ತದೆ, ಒದ್ದೆ ಕೈಯ ಪಫ್ ಅದರೊಳಗೆ ಮರಳಿ ಹೋಗುವುದಿಲ್ಲ, ಉಸಿರಿಗೂ ಏಳುವುದಿಲ್ಲ. ಔಷಧ ದರ್ಜೆಯ ಪಿಷ್ಟವನ್ನು ಪರೀಕ್ಷಾ ವರದಿಯೊಂದಿಗೆ ಕೊಂಡು, ಪೊಟ್ಟಣ ಕಟ್ಟುವ ಕೆಲಸವನ್ನು ಪುತ್ತರಿಯ ನಂತರ, ಜನವರಿಯಿಂದ ಮಾರ್ಚಿನ ಒಣಹವೆಯಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ ಮುಗಿಸಿ. ಪುಡಿಯನ್ನು ಉಗುರುಬೆಚ್ಚಗಿನ ನೀರಿಗೇ ಹಾಕಬೇಕೆಂದು ಪೊಟ್ಟಣದ ಮೇಲೆ ಬರೆಸಿ. ಸುಮಾರು 65 ಡಿಗ್ರಿ ದಾಟಿದ ನೀರಿಗೆ ಬಿದ್ದರೆ ಪಿಷ್ಟ ಉಬ್ಬಿ ಗಂಜಿಯಾಗುತ್ತದೆ. ಕ್ರೀಮು ತಯಾರಿಸುವವರೂ ಇದೇ ಕಾರಣಕ್ಕೆ ಮಿಶ್ರಣ 45 ಡಿಗ್ರಿಗೆ ಇಳಿದ ಮೇಲೆಯೇ ಪಿಷ್ಟ ಸೇರಿಸುತ್ತಾರೆ.

ನಿಮ್ಮ ಗದ್ದೆಯ ಅಕ್ಕಿಯೇ ಅದರಲ್ಲಿ ಇರಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ನುಚ್ಚನ್ನು ಪಿಷ್ಟ ತಯಾರಿಸುವ ಘಟಕಕ್ಕೆ ಕೊಟ್ಟು ಬೇರೆಯಾಗಿಯೇ ತೆಗೆಸಿಕೊಳ್ಳುವಷ್ಟು ಪ್ರಮಾಣ ಎಂಟು ಮನೆಗಳಿಂದ ಬರುವುದಿಲ್ಲ. ಹೋಬಳಿಯ ಹಲವು ಗುಂಪುಗಳು ಕೂಡಿದರೆ ಕೇಳಿ ನೋಡಬಹುದು. ಅಲ್ಲಿಯವರೆಗೆ ಒಳ್ಳೆಯ ನುಚ್ಚು ಕಡಂಬುಟ್ಟಿಗೇ (ಹಬೆಯಲ್ಲಿ ಬೇಯಿಸಿದ ನುಚ್ಚಿನ ಉಂಡೆ) ಇರಲಿ.

ಪರವಾನಗಿಯ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಮಾರುವುದಕ್ಕಾಗಿ ಮೈಗೆ ಹಚ್ಚುವ ಪದಾರ್ಥ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕಗಳ ನಿಯಮಗಳ ಅಡಿಯಲ್ಲಿ ರಾಜ್ಯದ ಪರವಾನಗಿ ಬೇಕು. ನಿಮ್ಮ ಬಳಿ ಇರುವ ಆಹಾರ ಪರವಾನಗಿ ಇದಕ್ಕೆ ಸಾಲದು. ಸ್ವಂತ ಘಟಕ ಕಟ್ಟುವ ಶಕ್ತಿ ಇಲ್ಲದಿದ್ದರೆ, ಪರವಾನಗಿ ಇರುವ ಇನ್ನೊಬ್ಬರ ಘಟಕದಲ್ಲಿ ತಯಾರಿಸಲು ಅದೇ ನಿಯಮಗಳಲ್ಲಿ ‘ಲೋನ್ ಲೈಸೆನ್ಸ್’ ಎಂಬ ಅವಕಾಶವಿದೆ. ಮೈ ಪೌಡರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3959 ಇದೆ. ಸೂಕ್ಷ್ಮಜೀವಿಗಳ ಮಿತಿಯನ್ನು ಐಎಸ್‌ಒ 17516 ಎಂಬ ಅಂತರರಾಷ್ಟ್ರೀಯ ಮಾನದಂಡ ಗ್ರಾಮಿಗೆ ಸಾವಿರ ಎಂದೂ ಮೂರು ವರ್ಷದೊಳಗಿನ ಮಕ್ಕಳ ಬಳಕೆಯದಕ್ಕೆ ನೂರು ಎಂದೂ ಇಟ್ಟಿದೆ. ಪ್ರತಿ ಕಂತನ್ನೂ ಪ್ರಯೋಗಾಲಯದಲ್ಲಿ ಈ ಲೆಕ್ಕಕ್ಕೆ ಪರೀಕ್ಷಿಸಿದ ಮೇಲೆಯೇ ಹೊರಗೆ ಕಳುಹಿಸಿ.

ವಾಪಸು ಬಂದ ಹಳೆಯ ಪೌಡರನ್ನು ಹಿಟ್ಟು ತಾನೇ ಎಂದು ಕಲಗಚ್ಚಿಗೆ ಬೆರೆಸಿ ದನಗಳಿಗೆ ಹಾಕಬೇಡಿ. ಅದರಲ್ಲಿ ಸುಗಂಧದ ರಾಸಾಯನಿಕವೂ ಬೂಷ್ಟೂ ಇವೆ, ಬೂಷ್ಟಿನ ಕೆಲವು ಜಾತಿಗಳು ಬಿಡುವ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಏಳದಂತೆ ನೀರು ಚಿಮುಕಿಸಿ, ಗೊಬ್ಬರದ ಗುಂಡಿಯಲ್ಲಿ ಸಗಣಿಯ ಕೆಳಗೆ ಹೂತುಬಿಡಿ.